ಲಾಸ್ ಆಲ್ಟೋಸ್ ಮನೆಯ ಹಳೆಯ ಬಣ್ಣ

ಲಾಸ್ ಆಲ್ಟೋಸ್‌ನ ಆ ಮನೆ ಪೂರ್ತಿ ರೆಡ್‌ವುಡ್ ಮರದ್ದು. ಸುತ್ತಲೂ ಏಪ್ರಿಕಾಟ್ ತೋಟಗಳಿದ್ದ ಕಾಲದಲ್ಲಿ ಯಾರೋ ಕಟ್ಟಿಸಿದ್ದು. ತೋಟ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಬೆಂಗಳೂರಿನಿಂದ ಬಂದ ಒಬ್ಬ ಡಾಕ್ಟರು ಅದನ್ನು ಕೊಂಡಿದ್ದರು. ಹೊರಗೋಡೆಯ ಬಣ್ಣ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಬಣ್ಣದ ಕೆಲಸಕ್ಕೆ ಹೋದ ಮೊದಲ ದಿನ ನಾನು ಮೂಲೆಯಲ್ಲಿ ಸ್ಕ್ರೇಪರು ಹಾಕಿ ಒಂದು ಚಕ್ಕೆ ಎಬ್ಬಿಸಿ ನೋಡಿದೆ. ಮೇಲೆ ಬಿಳಿ, ಅದರ ಕೆಳಗೆ ಕೆನೆ ಬಣ್ಣ, ಆಮೇಲೆ ಹಸಿರು, ಎಲ್ಲಕ್ಕಿಂತ ಕೆಳಗೆ ಮತ್ತೆ ಬಿಳಿ. ಕೆಳಗಿನ ಆ ಬಿಳಿ ಪದರ ದಪ್ಪವಾಗಿತ್ತು, ಅಂಗೈಯಲ್ಲಿಟ್ಟರೆ ತೂಕ ಗೊತ್ತಾಗುತ್ತಿತ್ತು.

"ಇದನ್ನ ಸುಡಬೇಕಾಕ್ಕೈತಿ," ಅಂದರು ನನ್ನ ಗಂಡ.

ಮರದವರೆಗೂ ಬಣ್ಣ ತೆಗೆಯಲು ಆಗ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಗ್ಯಾಸ್ ಟಾರ್ಚಿನ ಬೆಂಕಿಯನ್ನು ಹಲಗೆಯ ಹತ್ತಿರ ಹಿಡಿಯುವುದು, ಬಣ್ಣ ಗುಳ್ಳೆಯೆದ್ದ ಕೂಡಲೇ ಸ್ಕ್ರೇಪರಿನಿಂದ ಎಳೆದು ಹಾಕುವುದು, ಉಳಿದದ್ದನ್ನು ಯಂತ್ರದಲ್ಲಿ ಉಜ್ಜುವುದು. ನನಗೆ ಕೆಲಸ ಕಲಿಸಿದ ಪೋರ್ಚುಗೀಸ್ ಮುದುಕ ಹಾಗೇ ಮಾಡುತ್ತಿದ್ದ. ಅವನ ಕೈಕೆಳಗೆ ನಾಲ್ಕು ವರ್ಷಕ್ಕೂ ಹೆಚ್ಚು ದುಡಿದಿದ್ದಕ್ಕೇ ನನಗೆ ಪೇಂಟಿಂಗ್ ಕಾಂಟ್ರಾಕ್ಟರ್ ಲೈಸೆನ್ಸಿನ ಪರೀಕ್ಷೆಗೆ ಕೂರಲು ಅವಕಾಶ ಸಿಕ್ಕಿದ್ದು. ಪರೀಕ್ಷೆಯಲ್ಲಿ ಕಾನೂನಿನ ಪ್ರಶ್ನೆಗಳಿದ್ದವು, ಏಣಿಯನ್ನು ಗೋಡೆಗೆ ಎಷ್ಟು ಓರೆಯಾಗಿ ನಿಲ್ಲಿಸಬೇಕು ಎಂಬುದಿತ್ತು, ಯಾವ ಮರಕ್ಕೆ ಮೊದಲ ಕೋಟಾಗಿ ಯಾವ ಪ್ರೈಮರು ಎಂಬುದಿತ್ತು. ಹಳೆಯ ಬಣ್ಣದೊಳಗೆ ಏನಿರುತ್ತದೆ ಎಂದು ಯಾರೂ ಕೇಳಿದ ನೆನಪು ನನಗಿಲ್ಲ.

ಲೈಸೆನ್ಸು ಬಂದಾಗ ಅದರ ನಂಬರನ್ನು ನಮ್ಮ ಹಳೆಯ ಪಿಕಪ್ಪಿನ ಬಾಗಿಲಿಗೆ ನೀಲಿ ಬಣ್ಣದಲ್ಲಿ ನಾನೇ ಬರೆದಿದ್ದೆ. ಸ್ಯಾನ್ ಹೊಸೆಯ ಕನ್ನಡದವರ ನಡುವೆ ಅದೊಂದು ತಮಾಷೆಯ ಸುದ್ದಿಯಾಗಿತ್ತು. ಧಾರವಾಡದ ಕಡೆಯ ಹೆಂಗಸು ಪ್ಯಾಂಟು ಹಾಕಿಕೊಂಡು ಏಣಿ ಹತ್ತುತ್ತಾಳಂತೆ ಎಂದು. ನಕ್ಕವರಲ್ಲಿ ಕೆಲವರೇ ಆಮೇಲೆ ಕೆಲಸಕ್ಕೂ ಕರೆದರು. ಗಂಡ ಒಂದು ಚಿಪ್ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ಎಂಬತ್ತರ ದಶಕದಲ್ಲಿ ಚಿಪ್ ಮಾರುಕಟ್ಟೆ ಬಿದ್ದ ವರ್ಷ ಆ ಕಂಪನಿ ಅವರ ಇಡೀ ವಿಭಾಗವನ್ನೇ ಮನೆಗೆ ಕಳಿಸಿತು. ಅಲ್ಲಿಂದ ಅವರು ನನ್ನ ಜೊತೆಗೆ ಬಂದರು. ಒಬ್ಬ ಪೇಂಟರನ್ನು ಇಟ್ಟುಕೊಂಡಿದ್ದೆವು, ಆದರೆ ಕೆಲಸಗಾರರ ಅಪಘಾತ ವಿಮೆಗೆ ಪೇಂಟಿಂಗ್‌ನವರಿಂದ ವಸೂಲು ಮಾಡುತ್ತಿದ್ದ ದರ ನಮ್ಮಿಂದ ತಡೆಯಲಾಗದೆ ಅವನನ್ನು ಬಿಡಬೇಕಾಯಿತು. ನಾವಿಬ್ಬರೂ ಪಾಲುದಾರರು, ಮಾಲೀಕರು. ಮಾಲೀಕರು ತಮಗೆ ತಾವೇ ವಿಮೆ ಮಾಡಿಸಬೇಕೆಂಬ ಕಡ್ಡಾಯವಿರಲಿಲ್ಲ. ನಾವು ಮಾಡಿಸಲಿಲ್ಲ.

ಡಾಕ್ಟರ ಹೆಂಡತಿಗೆ ಆಗ ಆರು ತಿಂಗಳು ತುಂಬಿತ್ತು. ಮಗು ಹುಟ್ಟುವುದರೊಳಗೆ ಮನೆ ಹೊರಗೂ ಒಳಗೂ ಮುಗಿಯಬೇಕು, ಮೊದಲು ಮಗುವಿನ ಕೋಣೆ, ಇದು ಕರಾರು. ಬಾಣಂತನಕ್ಕೆಂದು ಆಕೆಯ ತಾಯಿ ಬೆಂಗಳೂರಿನಿಂದ ಮುಂಚಿತವಾಗಿಯೇ ಬಂದಿದ್ದರು. ಬಿಸಿಲೇರುವ ಹೊತ್ತಿಗೆ ಅವರು ಹಿಂದಿನ ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು.

"ಬಾಮ್ಮ, ಒಂದ್ ಲೋಟ ಮಜ್ಜಿಗೆ ಕುಡ್ಕೊಂಡ್ ಹೋಗು. ನಿಮ್ಮನೆಯವ್ರನ್ನೂ ಕರಿ. ಅದೇನ್ ಹೊಗೇನಪ್ಪಾ ಅದು, ಗಂಟಲೆಲ್ಲಾ ಕೆರಿಯತ್ತೆ."

ನಾವು ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದೆವು.

ಕೆಲಸ ಹಂಚಿಕೊಂಡಿದ್ದು ಹೀಗೆ. ಸುಡುವುದು, ಉಜ್ಜುವುದು ಅವರದು. ಕಿಟಕಿ ಚೌಕಟ್ಟು, ಪುಟ್ಟಿ, ಒಳಗಿನ ಕೋಣೆ ನನ್ನದು. ಕಾಗದದ ಮಾಸ್ಕು ಕಟ್ಟಿಕೊಂಡು ಅವರು ದಿನವಿಡೀ ಏಣಿಯ ಮೇಲಿರುತ್ತಿದ್ದರು. ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಿದ್ದವರ ನಿಖರತೆ ಅಲ್ಲೂ ಇತ್ತು. ಹಲಗೆಯ ಅಂಚು ಕಪ್ಪಾಗದಂತೆ ಬೆಂಕಿ ಓಡಿಸುತ್ತಿದ್ದರು. ಸಂಜೆ ಕೆಳಗಿಳಿದಾಗ ರೆಪ್ಪೆಗಳ ಮೇಲೆ ಬಿಳಿ ಪುಡಿ ಕೂತಿರುತ್ತಿತ್ತು. ಅಂಗಳಕ್ಕೆ ಹಾಸಿದ ದಪ್ಪ ಬಟ್ಟೆಯನ್ನು ಕೊಡವಿ ಮಡಚುತ್ತಿದ್ದೆವು. ಪುಡಿ ಗಾಳಿಯಲ್ಲಿ ಹಾರಿ ಹೋಗುತ್ತಿತ್ತು.

ಮೊದಲು ಹೋದದ್ದು ಅವರ ಹಸಿವು. ಆಮೇಲೆ ಬಾಯಲ್ಲಿ ಏನೋ ಸಿಹಿ, ನಾಣ್ಯ ಚೀಪಿದ ಹಾಗೆ ಎಂದರು. ಸಣ್ಣ ಮಾತಿಗೂ ಸಿಟ್ಟು ಬರತೊಡಗಿತು. ಮದುವೆಯಾದಾಗಿನಿಂದ ದನಿಯೆತ್ತದ ಮನುಷ್ಯ, ಬ್ರಷ್ ತೊಳೆದಿಟ್ಟ ಜಾಗ ಬದಲಾಯಿತೆಂದು ಡಬ್ಬಿ ಒದ್ದರು. ಕೆಲಸ ಕಳೆದುಕೊಂಡ ದುಃಖ ಈಗ ಹೊರಗೆ ಬರುತ್ತಿದೆ ಎಂದುಕೊಂಡೆ. ಹೊಟ್ಟೆನೋವು ಶುರುವಾದ ಮೇಲೆ ಡಾಕ್ಟರೇ ಒಂದು ಸಂಜೆ ಕಾರಿನಿಂದಿಳಿದವರು ವಿಚಾರಿಸಿದರು. ಅವರು ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಕೊಡುವವರು.

"ಗ್ಯಾಸ್ ಇರ್ಬೇಕು. ಟೈಮಿಗೆ ಸರಿಯಾಗಿ ಊಟ ಮಾಡಿ ಸಾರ್," ಎಂದು ಒಳಗಿನಿಂದ ಆಂಟಾಸಿಡ್ ಬಾಟಲಿ ತಂದುಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು.

ಬಾಟಲಿ ಖಾಲಿಯಾಯಿತು, ನೋವು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಉತ್ತರದ ಗೋಡೆಯ ಕೆಲಸ ನಡೆದಿತ್ತು. ಏಣಿಯ ಮೇಲಿನಿಂದ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಸ್ಕ್ರೇಪರು ನೆಲದ ಮೇಲಿತ್ತು. ಅವರು ಉರಿಯುವ ಟಾರ್ಚು ಹಿಡಿದ ಎಡಗೈಯಲ್ಲೇ ಏಣಿಯನ್ನು ತಬ್ಬಿಕೊಂಡು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಮಣಿಕಟ್ಟು ಜೋತುಬಿದ್ದಿತ್ತು.

"ಕೈ ಮ್ಯಾಲ ಏಳವಲ್ದು," ಅಂದರು. "ಎತ್ತು ಅಂದ್ರ ಎತ್ತವಲ್ದು ನೋಡಽ."

ಟಾರ್ಚನ್ನು ಮೊದಲು ಇಸಿದುಕೊಂಡು ಆರಿಸಿದೆ. ಸೊಂಟ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ. ಕೆಳಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಮುದುರಿಕೊಂಡರು. ಕೌಂಟಿಯ ಸರ್ಕಾರಿ ಆಸ್ಪತ್ರೆಗೆ ಹೇಗೆ ಪಿಕಪ್ ಓಡಿಸಿದೆನೋ ತಿಳಿಯದು.

ಆಸ್ಪತ್ರೆಯಲ್ಲಿ ಮೊದಲು ಅಪೆಂಡಿಕ್ಸ್ ಎಂದರು. ಕೊಯ್ಯಲು ಸಿದ್ಧತೆಯೂ ನಡೆಯಿತು. ಅಷ್ಟರಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಅವರ ಕೈ ನೋಡಿದಳು, ಒಸಡು ನೋಡಿದಳು. "ಇವರೇನು ಕೆಲಸ ಮಾಡ್ತಾರೆ?" ಎಂದು ನನ್ನನ್ನು ಕೇಳಿದಳು. ಹೇಳಿದೆ. ಬಣ್ಣ ಎಷ್ಟು ಹಳೆಯದು, ಹೇಗೆ ತೆಗೆಯುತ್ತೀರಿ, ಎಷ್ಟು ದಿನದಿಂದ ಎಂದಳು. ಅದಕ್ಕೂ ಮುಂಚೆ ಸ್ಯಾನ್ ಹೊಸೆಯಲ್ಲಿ ಎರಡು ಹಳೆಯ ಮನೆಗಳನ್ನು ಸುಟ್ಟಿದ್ದೆವೆಂದೂ ಹೇಳಿದೆ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ರಕ್ತವನ್ನೂ ತೆಗೆಸಿದಳು.

ಸೀಸ. ಹಳೆಯ ಬಣ್ಣದಲ್ಲಿದ್ದದ್ದು ಸೀಸ. ಸುಟ್ಟಾಗ ಹೊಗೆಯಾಗಿ, ಉಜ್ಜಿದಾಗ ಪುಡಿಯಾಗಿ ಒಳಗೆ ಹೋಗಿದೆ. ರಕ್ತಕ್ಕೆ, ನರಕ್ಕೆ, ಮೂಳೆಗೆ. ನನ್ನ ರಕ್ತದಲ್ಲೂ ಇತ್ತು, ಅವರಿಗಿಂತ ಕಡಿಮೆ. ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದಳು. ಸೂಜಿಯ ಮೂಲಕ ಔಷಧ ಕೊಟ್ಟು ಸೀಸವನ್ನು ಹೊರಗೆ ಎಳೆಯುತ್ತಾರೆ, ಹೊಟ್ಟೆನೋವು ಹೋಗುತ್ತದೆ, ಕೈ ಎಷ್ಟು ವಾಪಸು ಬರುತ್ತದೋ ಹೇಳಲಾಗದು.

"ಮನೆಯಲ್ಲಿ ಮಕ್ಕಳಿದ್ದಾರಾ?" ಎಂದು ಕೇಳಿದಳು. "ನಿಮ್ಮಿಬ್ಬರ ಬಟ್ಟೆಯಲ್ಲೇ ಸೀಸ ಮನೆಗೂ ಬಂದಿರುತ್ತೆ."

ನಮಗೆ ಮಕ್ಕಳಾಗಿರಲಿಲ್ಲ. ಅದು ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸಿದ್ದು ಆ ದಿನ ಮಾತ್ರ. ಅನ್ನಿಸಿದ ಮರುಕ್ಷಣವೇ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ತಾಯಿ, ಅವರ ಹಿಂದೆ ಸೋಫಾದ ಮೇಲೆ ಕಾಲು ಚಾಚಿರುತ್ತಿದ್ದ ಮಗಳು ಕಣ್ಣ ಮುಂದೆ ಬಂದರು.

"ಆ ಮನೆಯಲ್ಲಿ ಬಸುರಿ ಇದ್ದಾಳೆ," ಅಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಅವಳು ಇವತ್ತೇ ಆ ಮನೆ ಬಿಡಬೇಕು," ಅಂದಳು.

ಗಂಡನಿಗೆ ಹೇಳಿಯೇ ಹೋಗೋಣವೆಂದು ಹಾಸಿಗೆಯ ಬಳಿ ನಿಂತೆ. ಕೈಗೆ ಸೂಜಿ ಚುಚ್ಚಿದ್ದರು. ನೋವಿನ ಅಲೆ ಬಂದಾಗ ಹಲ್ಲು ಕಚ್ಚಿ, ಅದು ಇಳಿದ ಮೇಲೆ ಮಾತಾಡಿದರು.

"ನೀ ಈಗ ಹೋಗಿ ಹೇಳಿದ್ರ ಮುಗೀತು ತಿಳಿ. ಲೈಸೆನ್ಸ್ ಹೋಗ್ತೈತಿ, ಕೋರ್ಟಿಗೂ ಎಳೀತಾರ."

"ಮತ್ತ ಏನ್ ಮಾಡೂಣ್ರೀ?"

"ಹೇಳಬ್ಯಾಡ ಅನ್ನಂಗಿಲ್ಲ ನಾ. ಮೊದಲ ಹೋಗಿ ಎಲ್ಲಾ ನೀರ್ ಹಾಕಿ ತೊಳಿ. ಕಿಟಕಿ ಒರಸು. ಆಮ್ಯಾಲ ಅವರಿಗೆ, ಹೊಗಿ ಛಲೋ ಅಲ್ಲ, ಒಂದ್ ವಾರ ಬ್ಯಾರೆ ಕಡೆ ಇರ್ರಿ ಅನ್ನು. ಸೀಸ ಅಂತ ಯಾಕ ಹೇಳಬೇಕು?"

ಆ ಮಾತು ನನಗೂ ಸರಿಯೆನಿಸಿತು, ಇಲ್ಲವೆನ್ನಲಾರೆ. ಪಾರ್ಕಿಂಗಿನಲ್ಲಿ ಪಿಕಪ್ ಒಳಗೆ ಕೂತು ಅದನ್ನೇ ತಿರುವಿ ತಿರುವಿ ನೋಡಿದೆ. ಒಂದು ವಾರ ಬೇರೆ ಕಡೆ ಇದ್ದು ವಾಪಸು ಬರುತ್ತಾರೆ. ಆಕೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ಮಗು ಆ ಕೋಣೆಯಲ್ಲೇ ಅಂಬೆಗಾಲಿಡುತ್ತದೆ. ಕಿಟಕಿಯ ಸಂದಿಯಲ್ಲಿ, ಹುಲ್ಲಿನ ಬುಡದಲ್ಲಿ ಕೂತ ಪುಡಿಯನ್ನು ನಾನು ಎಷ್ಟೆಂದು ತೊಳೆಯಲಿ? ಇಂಜಿನ್ ಶುರು ಮಾಡಿದೆ. 280 ಫ್ರೀವೇಯಲ್ಲಿ ಹೋಗುತ್ತಾ, ಹೇಳಬೇಕಾದ ಮೊದಲ ಮಾತನ್ನು ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಸುತ್ತಿ ಬಳಸಿದರೆ ನನ್ನ ಧೈರ್ಯ ಕರಗಿಬಿಡುತ್ತದೆಂದು ಗೊತ್ತಿತ್ತು.

ಹಿತ್ತಿಲಿಗೆ ಹೋದಾಗ ತಾಯಿ ಹಿಂದಿನ ಜಗಲಿಯಲ್ಲಿದ್ದರು. ಬಿಳಿ ಪಂಚೆ ಹಾಸಿ ಬಾಣಂತಿ ಪುಡಿಗೆಂದು ಒಣಶುಂಠಿ, ಮೆಣಸು, ಓಮ ಹರವಿದ್ದರು. ಅದರ ಪಕ್ಕದಲ್ಲೇ ಉತ್ತರದ ಗೋಡೆ, ಅರ್ಧ ಸುಟ್ಟು ನಿಂತಿತ್ತು.

"ಬಂದ್ಯೇನಮ್ಮ? ನಿಮ್ಮನೆಯವ್ರು ಹೇಗಿದಾರೆ? ನಾವೆಲ್ಲಾ ಎಷ್ಟ್ ಗಾಬ್ರಿ ಆದ್ವಿ."

"ಅಮ್ಮಾ, ಇದನ್ನೆಲ್ಲಾ ಹೊರಗ ಚೆಲ್ಲಬೇಕು," ಅಂದೆ. ರೂಢಿ ಮಾಡಿದ ಮೊದಲ ಮಾತು ಅದಾಗಿರಲಿಲ್ಲ.

ಅವರು ನಕ್ಕರು. "ಏನ್ ಹೇಳ್ತಿದೀಯ? ಊರಿಂದ ಹೊತ್ಕೊಂಡ್ ಬಂದಿರೋದಮ್ಮಾ ಇದು."

ಮಾತು ಕೇಳಿ ಮಗಳು ಬಾಗಿಲಿಗೆ ಬಂದಳು. ಒಂದು ಕೈ ಬೆನ್ನಿಗೆ ಕೊಟ್ಟುಕೊಂಡಿದ್ದಳು. ನಾನು ಇಬ್ಬರಿಗೂ ಹೇಳಿದೆ. ಬಣ್ಣದಲ್ಲಿ ಸೀಸವಿದೆ, ನನ್ನ ಗಂಡನಿಗೆ ಆಗಿರುವುದು ಅದೇ, ನನ್ನ ರಕ್ತದಲ್ಲೂ ಇದೆ, ಈಗಲೇ ಮನೆ ಬಿಟ್ಟು ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಉಟ್ಟ ಬಟ್ಟೆಯನ್ನೂ ಬದಲಾಯಿಸಬೇಕು. ತಾಯಿಗೆ ಅರ್ಥವಾಗಲಿಲ್ಲ, ಮಗಳ ಮುಖ ನೋಡಿದರು. ಮಗಳಿಗೆ ಅರ್ಥವಾಗಿತ್ತು.

"ನಾನು ಕಿಟಕಿ ತೆಗೆದಿಟ್ಕೊಂಡೇ ಮಧ್ಯಾಹ್ನ ಮಲಗ್ತಿದ್ದೆ," ಅಂದಳು. "ಸೆಖೆ ಅಂತ. ಡೈಲೀ."

"ಗೊತ್ತೈತಿ," ಅಂದೆ. ಆ ಕಿಟಕಿಯ ಹೊರಗೇ ನಮ್ಮ ಏಣಿ ಇರುತ್ತಿತ್ತು.

ಅವಳು ಅಳಲಿಲ್ಲ. ಗೋಡೆ ಹಿಡಿದು ಒಳಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು. ನಾನು ಪಂಚೆಯ ನಾಲ್ಕು ಮೂಲೆ ಕೂಡಿಸಿ, ಪುಡಿ ಮೇಲೇಳದಂತೆ ನೀರು ಚಿಮುಕಿಸಿ ಗಂಟು ಕಟ್ಟಿದೆ. ತಾಯಿ ತಡೆಯಲಿಲ್ಲ. ನನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದರು.

ಡಾಕ್ಟರು ಬಂದಾಗ ಇನ್ನೂ ಆಸ್ಪತ್ರೆಯ ಹಸಿರು ಬಟ್ಟೆಯಲ್ಲೇ ಇದ್ದರು. ಹೆಂಡತಿಯನ್ನೂ ಅತ್ತೆಯನ್ನೂ ಕಾರಿನಲ್ಲಿ ಕೂರಿಸಿದರು, ಕ್ಯುಪರ್ಟಿನೋದ ಸ್ನೇಹಿತರ ಮನೆಗೆ ಹೋಗುವುದೆಂದು ಆಗಿತ್ತು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದವರು ಕನ್ನಡಕ್ಕೆ ಬಂದರು.

"ನೀವು ಲೈಸೆನ್ಸ್ಡ್ ಕಾಂಟ್ರಾಕ್ಟರ್. ಅದಕ್ಕೇ ತಾನೇ ನಿಮಗೆ ಕೆಲಸ ಕೊಟ್ಟಿದ್ದು? ಇದು ನಿಮಗೆ ಗೊತ್ತಿರಬೇಕಾಗಿತ್ತು."

"ಹೌದು, ಗೊತ್ತಿರಬೇಕಾಗಿತ್ತು," ಅಂದೆ.

ಅವರು ಹೋದ ಮೇಲೆ ನಾನೊಬ್ಬಳೇ ಕೆಲಸಕ್ಕೆ ಇಳಿದೆ. ಆಸ್ಪತ್ರೆಯವರು ಹೇಳಿಕೊಟ್ಟ ಹಾಗೆ ದಪ್ಪ ರಬ್ಬರಿನ ಮಾಸ್ಕು ತಂದೆ, ಗಾಳಿ ಸೋಸುವ ಎರಡು ಡಬ್ಬಿಗಳಿದ್ದದ್ದು. ಗೋಡೆಗೆ ನೀರು ಹೊಡೆದು ಸಡಿಲವಾದ ಚಕ್ಕೆಗಳನ್ನು ಹಸಿಯಾಗಿರುವಾಗಲೇ ಕೆರೆದು ತೆಗೆದೆ. ಗೋಡೆಯ ಬುಡದ ಮಣ್ಣನ್ನು ಮೇಲಿಂದ ಬಗೆದು ಚೀಲಗಳಿಗೆ ತುಂಬಿದೆ. ಒಳಗಿನ ನೆಲ, ಕಿಟಕಿ, ಮಗುವಿನ ಕೋಣೆಯ ಗೋಡೆ, ಎಲ್ಲವನ್ನೂ ಸೋಪಿನ ನೀರಿನಲ್ಲಿ ಒರೆಸಿದೆ, ನೀರು ಬದಲಿಸಿ ಮತ್ತೆ ಒರೆಸಿದೆ. ಸಂಜೆ ಮೈ ತೊಳೆದು ಗಂಡನ ಬಳಿ ಹೋಗಿ ಕೂರುತ್ತಿದ್ದೆ. ಹೊಟ್ಟೆನೋವು ಇಳಿದಿತ್ತು. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುವುದನ್ನು ಕಲಿಯುತ್ತಿದ್ದರು, ನಾನು ನೋಡಿದರೆ ನಿಲ್ಲಿಸಿಬಿಡುತ್ತಿದ್ದರು. ಹಾಗಾಗಿ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಡಾಕ್ಟರು ಒಂದು ದಿನ ಫೋನ್ ಮಾಡಿದರು. ಹೆಂಡತಿಯ ರಕ್ತದಲ್ಲೂ ಸೀಸ ಸಿಕ್ಕಿದೆ ಎಂದರು. ಎಷ್ಟು ಎಂದು ಹೇಳಲಿಲ್ಲ. ನಂತರ, "ಚಳಿಗಾಲದ ಮಳೆ ಬರೋ ಹೊತ್ತಾಯ್ತು. ಉತ್ತರದ ಗೋಡೆ ಬರೀ ಮರ ಕಾಣ್ತಿದೆ. ಯಾವಾಗ ಮುಗಿಸ್ತೀರಾ?" ಅಂದರು.

"ಸುಡಂಗಿಲ್ಲ ಸಾರ್ ನಾನು. ಕೆಮಿಕಲ್ ಹಚ್ಚಿ ಹಸಿಯಾಗೇ ತೆಗಿಬೇಕು, ಸುತ್ತ ಪ್ಲಾಸ್ಟಿಕ್ ಕಟ್ಟಬೇಕು. ಈಗ ಬರೇ ಮರಕ್ಕ ಪ್ರೈಮರ್ ಹಚ್ಚಿ ಮುಚ್ಚತೀನಿ, ಮಳಿ ತಡಕೋತೈತಿ. ಉಳಿದಿದ್ದು ವಸಂತದಾಗ. ಒಬ್ಬಾಕಿ ಅದೀನಿ, ಟೈಮ್ ಕೊಡ್ರಿ."

"ಕಾಂಟ್ರಾಕ್ಟಲ್ಲಿ ಡೇಟ್ ಇದೆಯಲ್ಲಾ? ಇನ್ನೊಬ್ರು ಹದಿನೈದು ದಿನದಲ್ಲಿ ಮುಗಿಸ್ತೀನಿ ಅಂತಿದಾರೆ."

"ಅವರು ಸುಡತಾರ ಸಾರ್."

"ಮನೇಲಿ ಈಗ ಯಾರೂ ಇಲ್ವಲ್ಲ," ಅಂದರು.

ಸುಟ್ಟು ಮುಗಿಸಲು ನನ್ನಿಂದ ಆಗುವುದಿಲ್ಲ ಎಂದೆ. ಆ ಮಾತಿನ ಬೆಲೆ ನನಗೆ ತಿಳಿದಿತ್ತು. ಅರ್ಧ ಕೆಲಸ ಬಿಟ್ಟು ಹೋಗುವುದು ಲೈಸೆನ್ಸಿನವರ ಪಾಲಿಗೆ ದೊಡ್ಡ ಅಪರಾಧ, ಪರೀಕ್ಷೆಗೆ ಓದುವಾಗ ಅದರ ಕೆಳಗೆ ಗೆರೆ ಎಳೆದಿದ್ದೆ.

ಡಾಕ್ಟರು ಕೊಟ್ಟ ದೂರಿನ ವಿಚಾರಣೆಗೆ ಲೈಸೆನ್ಸ್ ಮಂಡಳಿಯಿಂದ ಒಬ್ಬ ತನಿಖಾಧಿಕಾರಿ ನಮ್ಮ ಅಪಾರ್ಟ್‌ಮೆಂಟಿಗೇ ಬಂದ. ತಾನೂ ಹಿಂದೆ ಬಡಗಿಯಾಗಿದ್ದವನಂತೆ. ಸಾವಧಾನವಾಗಿ ಎಲ್ಲ ಕೇಳಿದ, ಗಂಡನ ಕೈಯನ್ನೂ ನೋಡಿದ. ಆಸ್ಪತ್ರೆಯ ಕಾಗದಗಳನ್ನು ಮುಂದಿಟ್ಟೆ.

"ಇದನ್ನು ನಾನು ಎಲ್ಲಿ ಸೇರಿಸಲಿ?" ಅಂದ. "ನೀವು ಬಣ್ಣ ಸುಟ್ಟಿದ್ದು ತಪ್ಪು ಅನ್ನೋ ನಿಯಮ ನನ್ನ ಹತ್ತಿರ ಇಲ್ಲ. ಎಲ್ಲರೂ ಸುಡ್ತಾರೆ. ಸುಡೋದು ನಿಲ್ಲಿಸಿ ಕೆಲಸ ಅರ್ಧಕ್ಕೆ ಬಿಟ್ಟಿರಲ್ಲ, ಅದಕ್ಕೆ ಮಾತ್ರ ನಿಯಮ ಇದೆ."

ಅವನು ವ್ಯಂಗ್ಯವಾಡುತ್ತಿರಲಿಲ್ಲ. ಬೇಸರದಿಂದಲೇ ಹೇಳಿದ. ಲೈಸೆನ್ಸಿಗಾಗಿ ನಾವಿಟ್ಟಿದ್ದ ಜಾಮೀನು ಬಾಂಡಿನ ಹಣದಿಂದ ಡಾಕ್ಟರಿಗೆ ಪರಿಹಾರ ಹೋಯಿತು. ಅದನ್ನು ನಾವು ತುಂಬಿಕೊಡುವವರೆಗೆ ಲೈಸೆನ್ಸು ಅಮಾನತಿನಲ್ಲಿಡಲಾಯಿತು. ಆಸ್ಪತ್ರೆಯ ಬಾಕಿ ಬೇರೆ ಇತ್ತು. ಪಿಕಪ್ ಬಾಗಿಲಿನ ನಂಬರಿನ ಮೇಲೆ ಬಿಳಿ ಬಣ್ಣ ಹೊಡೆದೆ. ನೀಲಿ ಕಾಣದಿರಲು ಎರಡು ಕೋಟು ಬೇಕಾಯಿತು.

ನಮ್ಮ ಉದ್ದದ ಏಣಿ ಆ ಮನೆಯಲ್ಲೇ ಉಳಿದಿತ್ತು. ತರಲು ಹೋದ ದಿನ ಹೊಸ ಕಾಂಟ್ರಾಕ್ಟರನ ಇಬ್ಬರು ಕೆಲಸಗಾರರು ಉತ್ತರದ ಗೋಡೆಯ ಮೇಲಿದ್ದರು. ಟಾರ್ಚಿನ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಒಬ್ಬ ಮುಖಕ್ಕೆ ಕರ್ಚೀಫು ಕಟ್ಟಿದ್ದ, ಇನ್ನೊಬ್ಬ, ವಯಸ್ಸಾದವನು, ಅದೂ ಇಲ್ಲ. ನಾನು ಕೆಳಗೆ ನಿಂತು ಕೂಗಿ ಹೇಳಿದೆ. ಕರ್ಚೀಫಿನವನು ತಿರುಗಿಯೂ ನೋಡಲಿಲ್ಲ. ವಯಸ್ಸಾದವನು ಇಳಿದು ಬಂದು ಏಣಿಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ಪಿಕಪ್ಪಿಗೆ ಕಟ್ಟಿದೆವು. ಕಟ್ಟುತ್ತಿರುವಾಗ ಗಂಡನ ವಿಷಯವನ್ನೆಲ್ಲ ಹೇಳಿದೆ.

"ಬಟ್ಟೆ ಕೂಡಾನಾ?" ಎಂದು ಕೇಳಿದ. "ನನ್ನ ಬಟ್ಟೆ ಒಗೆಯೋದು ನನ್ನ ಮಗಳು."

"ಬಟ್ಟೆ ಕೂಡ. ಮನೆಗೆ ತಗೊಂಡು ಹೋಗಬೇಡ."

ತಲೆಯಾಡಿಸಿದ. ನನ್ನ ರಬ್ಬರ್ ಮಾಸ್ಕನ್ನು ಸೀಟಿನ ಕೆಳಗಿನಿಂದ ತೆಗೆದು ಕೊಟ್ಟೆ. ತೆಗೆದುಕೊಂಡ. ನಾನು ಬೀದಿಯ ತುದಿ ತಲುಪುವಷ್ಟರಲ್ಲಿ ಕನ್ನಡಿಯಲ್ಲಿ ಅವನು ಮತ್ತೆ ಏಣಿ ಹತ್ತುವುದು ಕಂಡಿತು. ಮಾಸ್ಕು ಹಾಕಿಕೊಂಡಿದ್ದನೋ ಇಲ್ಲವೋ ಅಷ್ಟು ದೂರದಿಂದ ತಿಳಿಯಲಿಲ್ಲ.

ಮುಂದಿನ ಎರಡು ವರ್ಷ ನಾನು ಇನ್ನೊಬ್ಬ ಕಾಂಟ್ರಾಕ್ಟರನ ಕೈಕೆಳಗೆ ಡ್ಯಾನ್‌ವಿಲ್ ಕಡೆಯ ಹೊಸ ಮನೆಗಳಿಗೆ ಬಣ್ಣ ಹೊಡೆದೆ. ಹೊಸ ಗೋಡೆ, ಹೊಸ ಬಣ್ಣ. ಗಂಡನ ಮಣಿಕಟ್ಟು ಅರ್ಧ ವಾಪಸು ಬಂತು. ಲೋಟ ಹಿಡಿಯಬಲ್ಲರು, ಗೆರೆ ಎಳೆಯಲಾರರು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ನೋಡುವ ಕೆಲಸ ಸಿಕ್ಕಿತು. ಸಿಟ್ಟು ಮಾತ್ರ ಪೂರ್ತಿ ಹೋಗಲಿಲ್ಲ, ಬಂದು ಹೋದ ಮೇಲೆ ಅವರೇ ಗಾಬರಿಯಾಗುತ್ತಿದ್ದರು.

ಇದೆಲ್ಲದರ ನಡುವೆ, ಆ ಕೆಲಸ ಕೈಬಿಟ್ಟ ಚಳಿಗಾಲದಲ್ಲಿಯೇ, ಒಂದು ಮಧ್ಯಾಹ್ನ ಫೋನ್ ಬಂತು. ಹೆಂಗಸಿನ ದನಿ, ಮೆಲ್ಲಗಿತ್ತು.

"ನಾನು ಮಾತಾಡ್ತಿರೋದು, ಲಾಸ್ ಆಲ್ಟೋಸ್ ಮನೆಯವ್ಳು. ಫೋನ್ ಮಾಡ್ತಿರೋದು ಇವ್ರಿಗೆ ಗೊತ್ತಿಲ್ಲ."

"ಹೇಳ್ರಿ," ಅಂದೆ. ಕೂತುಕೊಂಡೆ.

"ಹೆಣ್ಣು ಮಗು. ಸ್ವಲ್ಪ ಮುಂಚೆನೇ ಆಯ್ತು. ತುಂಬಾ ಸಣ್ಣಗಿದಾಳೆ. ಈಗ್ಲೇ ಏನೂ ಹೇಳಕ್ಕಾಗಲ್ಲ ಅಂತಾರೆ. ನಡೆಯೋದು, ಮಾತಾಡೋದು ಎಲ್ಲಾ ನೋಡ್ಬೇಕಂತೆ." ದನಿ ಇನ್ನೂ ತಗ್ಗಿಸಿದಳು. "ಅವತ್ತು ನೀವು ಬಂದು ಹೇಳಿಲ್ದೇ ಇದ್ದಿದ್ರೆ ನಾವು ಅಲ್ಲೇ ಇರ್ತಿದ್ವಿ ಅಂತ ಅಮ್ಮ ದಿನಾ ಹೇಳ್ತಾರೆ."

ಆ ಕಡೆ ಮಗು ಅಳತೊಡಗಿತು, ಬೆಕ್ಕಿನ ಮರಿಯ ಹಾಗೆ ಸಣ್ಣ ಅಳು. ಅವಳು ಅದನ್ನು ಎತ್ತಿಕೊಂಡದ್ದು ಫೋನಿನಲ್ಲೇ ಕೇಳಿಸಿತು.

"ಒಂದು ಕೇಳ್ಲಾ?" ಅಂದಳು. "ನಿಮಗೆ ನಿಜವಾಗ್ಲೂ ಮೊದಲೇ ಗೊತ್ತಿರ್ಲಿಲ್ವಾ?"

"ಗೊತ್ತಿರಲಿಲ್ಲವ್ವಾ."

ಮಗುವಿನ ಅಳು ಜೋರಾಯಿತು. "ಹಾಲು ಕುಡಿಸ್ಬೇಕು, ಇಡ್ತೀನಿ," ಎಂದು ಫೋನ್ ಇಟ್ಟಳು.